ಹಿಟ್ಟು ಅಂಟದ ಕಲ್ಲು

ಕಲ್ಲು ನೋಡಲು ಹೋದ ದಿನ ಮೋಡ ಕವಿದಿತ್ತು ಎಂದು ಬರೆಯಬೇಕೆನಿಸುತ್ತದೆ. ಕವಿದಿತ್ತೋ ಇಲ್ಲವೋ ಗೊತ್ತಿಲ್ಲ. ನೆನಪು ಕೇಳದೆಯೇ ಎಲ್ಲಕ್ಕೂ ಒಂದು ಆಕಾಶ ಕೊಟ್ಟುಬಿಡುತ್ತದೆ. ಅದನ್ನು ಕಿತ್ತುಹಾಕಿದರೆ ಉಳಿಯುವುದು ಇಷ್ಟು: ಒಂದು ಕಾರು, ಓಡಿಸುತ್ತಿರುವ ನನ್ನ ಗಂಡ, ಮುಂದಿನ ಸೀಟಿನಲ್ಲಿ ನನ್ನ ಅತ್ತೆ, ಅವರ ಮಡಿಲಲ್ಲಿ ಒಂದು ಹಾಟ್‌ಬಾಕ್ಸು, ಅದರೊಳಗೆ ಬಿಸಿ ಹಿಟ್ಟು. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಅಂತಲೇ ಹೆಸರು.

ಪಾಂಡವಪುರದಲ್ಲಿ ಮನೆ ಕಟ್ಟಿಸುತ್ತಿದ್ದೆವು. ಅಡುಗೆಮನೆಯ ನಡುವೆ ಒಂದು ಐಲ್ಯಾಂಡ್ ಬೇಕು ಅಂದವಳು ನಾನು. ಫೋನಿನಲ್ಲಿ ನೋಡಿದ್ದೆ. ಯಾವ ಗೋಡೆಗೂ ತಾಗದ ಬಿಳಿ ಕಟ್ಟೆ, ಅದರ ಮೇಲೆ ಒಂದು ಬಟ್ಟಲು ನಿಂಬೆಹಣ್ಣು, ಸುತ್ತ ನಗುತ್ತ ನಿಂತ ಜನ. ಅವರಲ್ಲಿ ಯಾರೂ ಏನನ್ನೂ ಬೇಯಿಸುತ್ತಿರಲಿಲ್ಲ, ಅದು ನನಗೆ ಬಹಳ ಹಿಡಿಸಿತ್ತು. ಮೇಸ್ತ್ರಿ ಅದನ್ನು ನಡುಕಟ್ಟೆ ಎಂದು ಕರೆದರು. ಗೋಡೆಗೆ ಒತ್ತಿ ಕಟ್ಟಿದ್ದರೆ ಒಂದು ಕಡೆಯ ಇಟ್ಟಿಗೆ ಉಳಿಯುತ್ತಿತ್ತು, ನಡುವೆ ನಿಲ್ಲಿಸುವುದಕ್ಕೆ ಇದೇನು ತುಳಸಿಕಟ್ಟೆಯೇ ಎಂದು ಗೊಣಗಿದರು.

ಆ ಹೊತ್ತಿಗೆ ಅತ್ತೆಗೆ ಎರಡೂ ಮಂಡಿಯ ಆಪರೇಷನ್ ಆಗಿತ್ತು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಅವರು ಮದುವೆಯಾಗಿ ಬಂದಾಗಿನಿಂದ ಹಿಟ್ಟು ತೊಳಸಿದ್ದು ನೆಲದ ಮೇಲೆ ಕೂತೇ. ಹಾಗಾಗಿ ಹಿಟ್ಟು ತಿರುವುವ ದೊಣ್ಣೆ ನನ್ನ ಕೈಗೆ ಬಂತು, ಹಿಟ್ಟಿನಲ್ಲಿ ಗಂಟು ಬಂತು. ಅತ್ತೆ ಆ ಗಂಟುಗಳನ್ನು ಬೆರಳಲ್ಲಿ ಹುಡುಕಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. ಕೊನೆಗೆ ಮೂರು ಹೊತ್ತೂ ಅನ್ನಕ್ಕೆ ಇಳಿದರು. ನಮ್ಮ ಮನೆಯಲ್ಲಿ ಇದು ಉಪವಾಸಕ್ಕಿಂತ ದೊಡ್ಡ ಮುಷ್ಕರ. ಬಂದವರಿಗೆಲ್ಲ "ನಮ್ಮನೇಲಿ ಈಗ ಹಿಟ್ಟಿಲ್ಲ" ಅನ್ನುತ್ತಿದ್ದರು, ಮನೆಯವರೇ ಯಾರೋ ತೀರಿಕೊಂಡರು ಎಂಬ ದನಿಯಲ್ಲಿ.

ಐಲ್ಯಾಂಡಿನ ಸುದ್ದಿ ಕಿವಿಗೆ ಬಿದ್ದ ದಿನ ಮೊದಲ ಸಲ ನನ್ನನ್ನು ಕರೆದು ಮಾತಾಡಿದರು. "ನಿಂತ್ಕಂಡು ಹಿಟ್ಟು ಮಾಡೋ ಅಂಗಿದ್ರೆ ಆ ಕಟ್ಟೆ ಕಟ್ಸಿ. ಕಲ್ಲು ಮಾತ್ರ ನಾನು ನೋಡ್ತೀನಿ. ಹಿಟ್ಟು ಅಂಟೋ ಕಲ್ಲು ಕಲ್ಲಲ್ಲ."

ಅಂದರೆ ಆ ಕಟ್ಟೆ ನನಗೆ ಒಂದು ಫೋಟೋ. ಅವರಿಗೆ ಅಡುಗೆಮನೆಗೆ ವಾಪಸು ಬರುವ ಒಂದೇ ಬಾಗಿಲು. ಹಿಟ್ಟು ಅವರ ಕೈಯಿಂದ ಆಗಬೇಕು, ಅಷ್ಟೇ. ಆಗದಿದ್ದರೆ ಹಾಲಿನಲ್ಲಿ ಟೀವಿ ಮುಂದೆ ಕೂತು ಅನ್ನ ಉಣ್ಣಬೇಕು.

ಹೊರಡುವ ದಿನ ಬೆಳಗ್ಗೆ ಪರೀಕ್ಷೆಯ ಹಿಟ್ಟನ್ನು ನಾನೇ ಮಾಡಿದೆ. ಮಾಮೂಲಿನಂತೆ ಗಂಟು. ಅತ್ತೆ ಮುಚ್ಚಳ ತೆಗೆದು ನೋಡಿ, ಅಂಟು ನೋಡೋಕೆ ಇದು ಸಾಕು ಅಂದರು.

ಮೊದಲು ಶ್ರೀರಂಗಪಟ್ಟಣ, ಹೆದ್ದಾರಿ ಪಕ್ಕದ ಗಾಜಿನ ಅಂಗಡಿ. ಇನ್‌ಶರ್ಟ್ ಮಾಡಿದ್ದ ಮಾರಾಟಗಾರರು ನನ್ನ ಕನಸಿನ ಬಿಳಿ ಕಲ್ಲನ್ನೇ ತೋರಿಸಿದರು. ಅರಿಶಿನ ಬಿದ್ದರೂ ಕಲೆಯಾಗಲ್ಲ, ಎಣ್ಣೆ ಬಿದ್ದರೂ ಆಗಲ್ಲ, ಏನೂ ಅಂಟಲ್ಲ ಎಂದು ವಿವರಿಸುತ್ತಿದ್ದಂತೆ ಅತ್ತೆ ಬಳೆ ಹಿಂದಕ್ಕೆ ಸರಿಸಿ ನೀರು ಕೇಳಿದರು. ಬಾಯಾರಿಕೆ ಎಂದುಕೊಂಡು ಅವರು ಬಾಟಲಿ ತಂದುಕೊಟ್ಟರು. ಅತ್ತೆ ಅದನ್ನು ಕಲ್ಲಿಗೆ ಚಿಮುಕಿಸಿ, ಒಂದು ಹಿಡಿ ಹಿಟ್ಟು ತೆಗೆದು ರಪ್ಪೆಂದು ಹಾಕಿ, ಅಂಗೈಯಲ್ಲಿ ಉರುಳಿಸಿದರು. ಮೇಲೆತ್ತಿದಾಗ ಮುದ್ದೆಯ ಸಿಪ್ಪೆಯೊಂದು ಕಲ್ಲಿಗೇ ಉಳಿದುಕೊಂಡಿತು.

"ನೋಡಪ್ಪ, ಅರ್ಧ ನಿನ್ ಕಲ್ಲೇ ಉಂಡ್ಬುಡ್ತು," ಅಂದರು ಅತ್ತೆ.

ಮಾರಾಟಗಾರರು ತಮ್ಮ ಕರವಸ್ತ್ರದಲ್ಲೇ ಅದನ್ನು ಒರೆಸಿದರು. ಕಲೆಯಾಗುತ್ತದೋ ನೋಡಲು ಸಾಮಾನ್ಯವಾಗಿ ಗಿರಾಕಿಗಳು ನಿಂಬೆಹಣ್ಣು ತರುತ್ತಾರೆ ಮೇಡಂ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಆ ದನಿಯಲ್ಲಿ ನೋವಿತ್ತು. ಅಥವಾ ನೋವು ನನ್ನದಾಗಿದ್ದು ನಾನೀಗ ಅವರಿಗೆ ಹಚ್ಚುತ್ತಿರಬಹುದು.

ಅಲ್ಲಿಂದ ಕೆ.ಆರ್. ಪೇಟೆ ಕಡೆಗೆ. ಕಾಲು ಹಿಡಿದುಕೊಂಡಿದೆ ಎಂದು ಅತ್ತೆ ಹೇಳಿದ್ದಕ್ಕೆ ಹೊಸಹೊಳಲಿನ ಹಳೇ ಕಲ್ಲಿನ ದೇವಸ್ಥಾನದ ಮುಂದೆ ಇಳಿದೆವು. ದೇವರಿಗೆ ಕೈಮುಗಿದ ಮೇಲೆ ಅತ್ತೆ ಒಳಗಿನ ಕಂಬಗಳ ಕಡೆ ತಿರುಗಿದರು. ತಿರುಗಣೆಯಲ್ಲಿ ಕಡೆದ, ಮುಖ ಕಾಣುವಷ್ಟು ನುಣುಪಾದ ಕಂಬ. ಅಂಗೈಯಿಂದ ಮೇಲಿಂದ ಕೆಳಕ್ಕೆ ಸವರಿ, "ಇದು ಕಣವ್ವ ಕಲ್ಲು ಅಂದ್ರೆ," ಎಂದರು. ಇನ್ನೊಂದು ಕೈ ಹಾಟ್‌ಬಾಕ್ಸಿನ ಮುಚ್ಚಳದ ಮೇಲಿತ್ತು.

"ಅವ್ವ, ಇದು ಮಾರೋದಲ್ಲ," ಅಂದರು ನನ್ನ ಗಂಡ.

"ಗೊತ್ತು ಕಣ್ಲಾ. ಅಂಟ್ತದಾ ಅಂತ ನೋಡ್ಬಾರ್ದಾ?"

ಅತ್ತೆ ಒಂದು ಚಿಟಿಕೆ ಹಚ್ಚಿಯೇ ನೋಡಿದರು ಎಂದು ಗಂಡ ಇವತ್ತಿಗೂ ಹೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಹಾಗೆನ್ನುವುದು ನಿಜಕ್ಕೆ ನಿಷ್ಠಳಾಗಿಯೋ ಕಂಬಕ್ಕೆ ನಿಷ್ಠಳಾಗಿಯೋ, ನನಗೇ ಗೊತ್ತಿಲ್ಲ.

ಕೆ.ಆರ್. ಪೇಟೆಯ ಅಂಗಡಿ ಒಂದು ತಗಡಿನ ಶೆಡ್ಡು. ಅತ್ತೆ ಕೋಲೂರಿ ಇಳಿಯುತ್ತಿದ್ದಂತೆ ಅದರ ಮಾಲೀಕರು ಎದ್ದು ಬಂದು ತಾವೇ ಕುರ್ಚಿ ಹಾಕಿದರು. ನೀರು ಕೊಟ್ಟರು. ತಗ್ಗಿದ ದನಿಯಲ್ಲಿ ಅಳತೆ ಕೇಳಿದರು. ಆರಡಿ ಉದ್ದ, ಮೂರಡಿ ಅಗಲ ಎಂದು ಗಂಡ ಹೇಳಿದ್ದಕ್ಕೆ ನಿಧಾನವಾಗಿ ತಲೆಯಾಡಿಸಿ, ಹೆಚ್ಚು ವಿವರಿಸಬೇಡಿ ಎನ್ನುವಂತೆ ಕೈ ಮಾಡಿದರು. ಇಷ್ಟು ಮರ್ಯಾದೆಯ ಅಂಗಡಿಯನ್ನು ನಾನು ನೋಡಿರಲಿಲ್ಲ. ಕಪ್ಪು ಕಲ್ಲೊಂದನ್ನು ತೋರಿಸಿ, ಪಾಲಿಶ್ ಮೇಲುಗಡೆಗೆ ಮಾತ್ರ ಸಾಕೋ ಅಂಚಿಗೂ ಬೇಕೋ ಎಂದು ವಿಚಾರಿಸಿದರು. ಅಂಚಿಗೂ ಬೇಕೆಂದೆ. ಆಮೇಲೆ ಅತ್ತೆಯ ಕಡೆ ಬಾಗಿ, ಹೆಸರು ಕೆತ್ತಬೇಕೇ ಎಂದು ಕೇಳಿದರು.

ಈ ಪ್ರಶ್ನೆ ಅತ್ತೆಗೆ ವಿಚಿತ್ರವೆನಿಸಲಿಲ್ಲ. ನಮ್ಮ ಮನೆಯ ಕೊಳಗದಿಂದ ಹಿಡಿದು ಚಮಚದವರೆಗೆ ಎಲ್ಲದರ ಮೇಲೂ ಅವರ ಹೆಸರಿದೆ. ಪಾತ್ರೆ ಅಂಗಡಿಯಲ್ಲಿ ಗುಂಯ್ ಎನ್ನುವ ಮಷೀನಿನ ಮುಂದೆ ನಿಂತು, ಅಕ್ಷರ ಸರಿಯಾಗಿ ಬರುವವರೆಗೆ ಕದಲದ ಹೆಂಗಸು ಅವರು. ಪಾತ್ರೆಗೆ ಕೆತ್ತಿದ ಮೇಲೆ ಕಲ್ಲಿಗೇಕೆ ಬೇಡ?

"ಕೆತ್ತಿ. ಕಲ್ಲನ್ನ ಯಾರೂ ಎತ್ಕಂಡೋಗಲ್ಲ, ಆದ್ರೂ ಇರ್ಲಿ," ಎಂದು ತಮ್ಮ ಹೆಸರು ಹೇಳಿದರು.

ಮಾಲೀಕರು ಸೀಮೆಸುಣ್ಣದಲ್ಲಿ ಅದನ್ನು ಕಲ್ಲಿನ ಮೇಲೇ ದೊಡ್ಡದಾಗಿ ಬರೆದುಕೊಂಡರು. ಜನನ ಯಾವಾಗ ಎಂದು ಕೇಳಿದರು. ಅದನ್ನೆಲ್ಲ ಯಾರು ಬರೆದಿಟ್ಟವ್ರೆ ಅಂದರು ಅತ್ತೆ.

"ಓಗ್ಲಿ ಬುಡಿ. ಮರಣದ ತಾರೀಕಾದ್ರೂ ಏಳಿ ಅಮ್ಮ."

ಅತ್ತೆ ಕಲ್ಲಿನ ಮೇಲಿದ್ದ ತಮ್ಮ ಹೆಸರನ್ನು ನೋಡಿದರು. ಮಾಲೀಕರನ್ನು ನೋಡಿದರು. "ನಾನಿನ್ನೂ ನಿನ್ ಕುರ್ಚಿ ಮೇಲೇ ಕುಂತಿವ್ನಿ ಕಣಪ್ಪ."

ನಮ್ಮ ಕಡೆ ಸತ್ತವರನ್ನು ಅವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅನುಕೂಲವಿದ್ದವರು ಸಮಾಧಿ ಕಟ್ಟಿಸಿ ಮೇಲೆ ಪಾಲಿಶ್ ಮಾಡಿದ ಕರಿಕಲ್ಲು ಹಾಸುತ್ತಾರೆ. ಆರಡಿ ಉದ್ದ, ಮೂರಡಿ ಅಗಲ. ವಯಸ್ಸಾದ ಹೆಂಗಸೊಬ್ಬರನ್ನು ನಡುವೆ ನಡೆಸಿಕೊಂಡು ಬಂದು ಆ ಅಳತೆ ಹೇಳಿದರೆ ಯಾರಾದರೂ ಕುರ್ಚಿ ಹಾಕಿ ನೀರು ಕೊಡುತ್ತಾರೆ. ಅತ್ತೆ ಹೇಳಿದ ಹೆಸರು ತೀರಿಕೊಂಡ ಅಕ್ಕನದೋ ತಂಗಿಯದೋ ಎಂದುಕೊಂಡಿದ್ದರೋ ಏನೋ. ಮಾಲೀಕರ ಮುಖ ಬೆವರಿತು. ಹೆಗಲ ಮೇಲಿನ ಟವೆಲ್ಲಿನಿಂದ ಆ ಹೆಸರನ್ನು ಒರೆಸಿದರು.

ಒಂದೇ ಸಲಕ್ಕೆ ಹೋಯಿತು. ಒಂದು ಬಿಳಿ ಗೆರೆಯೂ ಉಳಿಯಲಿಲ್ಲ.

ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದು ಆಗಲೇ. "ಎಂಗೆ ಓಯ್ತು ನೋಡಿದ್ಯಾ ಕಣವ್ವ," ಎಂದು ನನಗೆ ಹೇಳಿ ಹಾಟ್‌ಬಾಕ್ಸು ತೆರೆದರು. ನೀರು ಚಿಮುಕಿಸಿ ಹಿಟ್ಟು ಹಾಕಿದರು. ಅದು ಕಲ್ಲಿನ ಮೇಲೆ ದುಂಡಗಾಗಿ, ಕೈ ಬಿಟ್ಟೊಡನೆ ತಾನೇ ಉರುಳಿ ಅಂಚಿಗೆ ಬಂತು. ಬೀಳುವ ಮೊದಲು ಗಂಡ ಹಿಡಿದರು. ಕಲ್ಲಿನ ಮೇಲೆ ನೀರಿನ ಹನಿ ಬಿಟ್ಟು ಬೇರೇನೂ ಇರಲಿಲ್ಲ.

ಮಾಲೀಕರಿಗೆ ತಪ್ಪಾಯಿತೆಂಬ ಸಂಕಟ. ಉಂಡೇ ಹೋಗಬೇಕೆಂದು ಪಟ್ಟು ಹಿಡಿದು ಪಕ್ಕದ ಮೆಸ್ಸಿನಿಂದ ಸಾರು ತರಿಸಿದರು. ಪರೀಕ್ಷೆಯ ಹಿಟ್ಟನ್ನೆಲ್ಲ ಆ ಕರಿಕಲ್ಲಿನ ಸುತ್ತ ನಿಂತು ಉಂಡೆವು. ಫೋನಿನಲ್ಲಿ ಕಂಡ ಜನರಂತೆ ನಾವೂ ನಾಲ್ಕೂ ಕಡೆ ನಿಂತಿದ್ದೆವು. ಯಾರೂ ನಗುತ್ತಿರಲಿಲ್ಲ, ಅತ್ತೆಯ ಹೊರತು.

ನನ್ನ ಗಂಡ ಮಾತ್ರ ಒಪ್ಪಲಿಲ್ಲ. "ಅವ್ವ, ಅಪ್ಪನ ಮೇಲಿರೋ ಕಲ್ಲು ಇದೇಯ," ಅಂದರು.

"ನಿಮ್ಮಪ್ಪ ಅದ್ರ ಕೆಳಗವ್ರೆ. ನಾನು ಮೇಲೆ ಹಿಟ್ಟು ಕಟ್ತೀನಿ. ನಡುವೆ ಕಲ್ಲದೆ, ಬುಡ್ಲಾ."

ಅವರ ಸಮಾಧಾನಕ್ಕೆ ನಾಗಮಂಗಲಕ್ಕೂ ಹೋದೆವು. ಅಲ್ಲಿ ಹಸಿರು ಕಲ್ಲಿತ್ತು ಎಂದು ನನ್ನ ನೆನಪು. ಹಸಿರು ಕಲ್ಲು ಎಲ್ಲೂ ಇರಲಿಲ್ಲ ಎಂದು ಗಂಡನ ವಾದ. ಒಟ್ಟಿನಲ್ಲಿ ಒಂದು ಕಲ್ಲಿತ್ತು. ನಮ್ಮ ಹಿಟ್ಟು ಮುಗಿದುಹೋಗಿದ್ದರಿಂದ ಹೋಟೆಲೊಂದರಲ್ಲಿ ಸಾರಿಲ್ಲದೆ ಬರೀ ಮುದ್ದೆ ಪಾರ್ಸಲ್ ಕೇಳಿದೆವು. ಕ್ಯಾಷಿಯರು ಎರಡೆರಡು ಸಲ ಕೇಳಿ ಕಟ್ಟಿಸಿಕೊಟ್ಟರು. ಅತ್ತೆ ಅದನ್ನು ಬೆರಳಲ್ಲಿ ಒತ್ತಿ ನೋಡಿ, ಇದಕ್ಕೆ ಅಕ್ಕಿಹಿಟ್ಟು ಬೆರೆಸಿದ್ದಾರೆ, ಇದರ ಸಾಕ್ಷಿ ನಡೆಯುವುದಿಲ್ಲ ಎಂದು ತಳ್ಳಿಹಾಕಿದರು. ಅಂಗಡಿಯವರಿಂದ ಸೀಮೆಸುಣ್ಣ ಇಸಕೊಂಡು ತಮ್ಮ ಹೆಸರು ಬರೆಸಿ, ಸೆರಗಿನಲ್ಲಿ ಒರೆಸಿದರು. ಬಿಳಿ ಗೆರೆ ಉಳಿಯಿತು. ಅಲ್ಲಿಗೆ ಇತ್ಯರ್ಥ.

ಕರಿಕಲ್ಲು ಬಂದು ಕೂತಿತು. ಅತ್ತೆಯ ಸೊಂಟದ ಅಳತೆಗೆ ಕಟ್ಟೆಯನ್ನು ತಗ್ಗಿಸಿಯೇ ಕಟ್ಟಿಸಿದ್ದೆವು. ಮನೆ ನೋಡಲು ಬಂದ ನೆಂಟರು ಅಡುಗೆಮನೆ ಬಾಗಿಲಲ್ಲಿ ದನಿ ತಗ್ಗಿಸುತ್ತಿದ್ದರು. ಚಿಕ್ಕಮಾವ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕೈಯನ್ನೇ ನೋಡುತ್ತ ನಿಂತರು.

ಮೊದಲ ಹಿಟ್ಟಿನ ದಿನ ನಾನು ಎಸರಿಟ್ಟು, ಹಿಟ್ಟು ಹಾಕಿ, ಬೆಂದ ಮೇಲೆ ಪಾತ್ರೆಯನ್ನು ಕಲ್ಲಿನ ಮೇಲಿಟ್ಟೆ. ಅತ್ತೆ ಸೆರಗು ಸಿಕ್ಕಿಸಿ, ನಿಂತು, ದೊಣ್ಣೆ ಹಿಡಿದು ತಿರುವಿದರು. ಪಾತ್ರೆಯೂ ತಿರುಗಿತು. ಮತ್ತೆ ತಿರುವಿದರು. ದೊಣ್ಣೆ ಎಷ್ಟು ಸುತ್ತಿದರೆ ಪಾತ್ರೆಯೂ ಅಷ್ಟೇ ಸುತ್ತಿತು, ಒಳಗಿನ ಹಿಟ್ಟು ಮಾತ್ರ ಇದ್ದಲ್ಲೇ ಇತ್ತು. ಒದ್ದೆ ಬಟ್ಟೆ ಹಾಸಿದೆ. ಬಟ್ಟೆಯೂ ಸೇರಿ ಸುತ್ತಿತು. ಗಂಡ ಎರಡು ಮಸಿಬಟ್ಟೆ ಹಿಡಿದು ಪಾತ್ರೆಯನ್ನು ಅಪ್ಪಿಕೊಂಡರು. ಅತ್ತೆ ಒತ್ತಿ ಎಳೆದ ರಭಸಕ್ಕೆ ಅವರೇ ಕಟ್ಟೆಯ ಸುತ್ತ ಅರ್ಧ ಪ್ರದಕ್ಷಿಣೆ ಬಂದರು, ಬಿಸಿ ತಾಳದೆ ಬಿಟ್ಟರು.

ನೆಲದ ಮೇಲೆ ಪಾತ್ರೆಯನ್ನು ಹಿಡಿದಿರುತ್ತಿದ್ದದ್ದು ಅತ್ತೆಯ ಪಾದಗಳು. ಎರಡು ಅಂಗಾಲಿನ ನಡುವೆ ಗೋಣಿಚೀಲದ ತುಂಡು ಕೊಟ್ಟು ಪಾತ್ರೆ ಸಿಕ್ಕಿಸಿಕೊಂಡು ತೊಳಸುತ್ತಿದ್ದರು. ಅದನ್ನು ನಾವೆಲ್ಲ ದಿನವೂ ನೋಡಿದ್ದೆವು. ಮೂರು ತಾಲ್ಲೂಕಿನಲ್ಲಿ ಕಲ್ಲನ್ನು ಪರೀಕ್ಷಿಸಿಕೊಂಡು ಬಂದವರಲ್ಲಿ ಒಬ್ಬರಿಗೂ ಪಾದ ನೆನಪಾಗಲಿಲ್ಲ. ಅತ್ತೆಗೂ ಇಲ್ಲ.

ಅವರು ದೊಣ್ಣೆ ಕೆಳಗಿಟ್ಟು ಕೈ ಒರೆಸಿಕೊಂಡರು. "ಅನ್ನಕ್ಕೆ ಇಡವ್ವ," ಅಂದರು.

ನಾನು ಅಕ್ಕಿ ಡಬ್ಬಿಗೆ ಕೈ ಹಾಕಿದೆ. ನನ್ನ ಈ ಬರಹದಲ್ಲಿ ಏನನ್ನು ನಂಬದಿದ್ದರೂ ಆ ಡಬ್ಬಿಯ ತಣ್ಣನೆಯ ಮುಚ್ಚಳವನ್ನು ನಂಬಬಹುದು. ತಿರುಗಿ ನೋಡಿದಾಗ ಅತ್ತೆ ಟೀವಿ ಮುಂದಕ್ಕೆ ಹೋಗಿರಲಿಲ್ಲ. ಮಂಡಿ ನೋವಿಗೆ ಕಟ್ಟೆಯ ಅಂಚಿಗೆ ಸೊಂಟ ಆನಿಸಿ ನಿಂತವರು, ತಮ್ಮ ಸೊಂಟವನ್ನೂ ಕಲ್ಲನ್ನೂ ನೋಡುತ್ತಿದ್ದರು.

"ಲೇ, ಸ್ಟೂಲ್ ತಕ್ಕಬಾ," ಎಂದರು ಮಗನಿಗೆ.

ಸ್ಟೂಲು ಹತ್ತಿ, ಮಗನ ಭುಜ ಹಿಡಿದು, ಕಲ್ಲಿನ ಮೇಲೆ ಕೂತರು. ಮಗ ಒಂದೊಂದಾಗಿ ಕಾಲುಗಳನ್ನು ಎತ್ತಿ ಉದ್ದಕ್ಕೆ ಚಾಚಿದರು. ನೆಲಕ್ಕೆ ಇಳಿಯಲಾಗದ ಮಂಡಿಗೆ ಚಾಚಿಕೊಂಡು ಕೂರಲು ಏನೂ ತೊಂದರೆ ಇರಲಿಲ್ಲ. ನಾನು ಗೋಣಿಯ ತುಂಡು ಹುಡುಕಿ ಕೊಟ್ಟೆ. ಪಾದಗಳು ಪಾತ್ರೆಯನ್ನು ಹಿಡಿದವು. ದೊಣ್ಣೆ ಒಂದು ಸುತ್ತು ಬಂತು, ಪಾತ್ರೆ ಅಲುಗಲಿಲ್ಲ. ಆ ಹಿಟ್ಟಿನಲ್ಲಿ ಒಂದು ಗಂಟೂ ಇರಲಿಲ್ಲ.

ಈಗ ದಿನವೂ ಹೀಗೆಯೇ. ಐಲ್ಯಾಂಡಿನ ಮುಕ್ಕಾಲು ಪಾಲು ಅತ್ತೆಯದು, ಅವರ ಹಿಮ್ಮಡಿಯ ಆಚೆಗೆ ಉಳಿಯುವ ಜಾಗದಲ್ಲಿ ನಾನು ಸೊಪ್ಪು ಹೆಚ್ಚುತ್ತೇನೆ. ಅಲ್ಲಿಂದ ಅವರಿಗೆ ಒಲೆ, ಕಪಾಟು, ನಾನು ಸಾರಿಗೆ ಹಾಕುವ ಖಾರದಪುಡಿ ಎಲ್ಲವೂ ಕಾಣುತ್ತದೆ. ಇಳಿಸಲು ಮಗ ಬೇಕು. ಅವರು ಡೈರಿಗೆ ಹಾಲು ಹಾಕಿ ಬರುವುದು ತಡವಾದರೆ ಅತ್ತೆ ಅಲ್ಲೇ ಕಲ್ಲಿನ ಮೇಲೆ ತಟ್ಟೆ ಇಟ್ಟುಕೊಳ್ಳುತ್ತಾರೆ, ನಾನು ನಿಂತು ಬಡಿಸುತ್ತೇನೆ. ಹಿಟ್ಟು ಮುರಿದು, ಸಾರಿಗೆ ಅದ್ದಿ, ನುಂಗಿ, ಉಪ್ಪು ಸಾಲದು ಅನ್ನುತ್ತಾರೆ.