ಕಣ್ಣಿಗೊತ್ತಿಕೊಂಡ ಪಿಸ್ತೂಲು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ತಪ್ಪು ಮಾತನಾಡುವುದಕ್ಕಿಂತ ಸುಮ್ಮನಿರುವುದೇ ಕ್ಷೇಮವೆಂದು ಬಹುಕಾಲ ನಂಬಿದ್ದೆ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಓದು ಮುಗಿಸಿ ಬರ್ಮಿಂಗ್‌ಹ್ಯಾಮಿನ ಹರಾಜು ಸಂಸ್ಥೆಯೊಂದರ ಆಯುಧ ವಿಭಾಗದಲ್ಲಿ ವಸ್ತುಗಳ ವಿವರ ಬರೆಯುವ ಕೆಲಸಕ್ಕೆ ಸೇರಿದಾಗಲೂ ಆ ನಂಬಿಕೆ ಸಡಿಲಗೊಂಡಿರಲಿಲ್ಲ. ಆರು ತಿಂಗಳು ಪರೀಕ್ಷಾವಧಿ. ಅನಂತರ ವಿಭಾಗದ ಮುಖ್ಯಸ್ಥೆ ಕಾಯಂಗೊಳಿಸಿದರೆ ವರ್ಕ್ ಪರ್ಮಿಟ್, ಇಲ್ಲವಾದರೆ ದಾವಣಗೆರೆ.

ಆ ಅವಧಿಯ ಕೊನೆಯ ವಾರ ನಮ್ಮಲ್ಲಿಗೊಂದು ಅಪರೂಪದ ಪಿಸ್ತೂಲು ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಊರಿನಲ್ಲಿ ತಯಾರಾದದ್ದು. ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಬ್ರಿಟಿಷ್ ಪಿಸ್ತೂಲುಗಳಲ್ಲಿ ಬಹಳ ಹಳೆಯದು. ಹಿಡಿ ಹೆಚ್ಚುಕಡಿಮೆ ನೇರ ಕೋನದಲ್ಲಿದ್ದುದರಿಂದ ಬಡಗಿಯ ಮೂಲೆಮಟ್ಟದಂತೆ ಕಾಣುತ್ತಿತ್ತು. ಇಷ್ಟು ಕುರೂಪವಾದ ವಸ್ತುವನ್ನು ನೋಡಲು ಸಂಗ್ರಾಹಕರು ಲೀಡ್ಸ್, ಮ್ಯಾಂಚೆಸ್ಟರ್‌ಗಳಿಂದ ರೈಲು ಹತ್ತಿ ಬರುತ್ತಿದ್ದರು. ದೇಶದಲ್ಲಿ ಕೈಬಂದೂಕುಗಳನ್ನು ನಿಷೇಧಿಸಿ ಕೆಲವು ವರ್ಷಗಳಾಗಿದ್ದವು. ಇದನ್ನೂ ಗುಂಡು ಹಾರದಂತೆ ನಿಷ್ಕ್ರಿಯಗೊಳಿಸಿ ಪ್ರಮಾಣಪತ್ರ ಲಗತ್ತಿಸಲಾಗಿತ್ತು. ಆದರೂ ಮುಖ್ಯಸ್ಥೆಯ ನಿಯಮಕ್ಕೆ ವಿನಾಯಿತಿ ಇರಲಿಲ್ಲ: ಸತ್ತ ಪಿಸ್ತೂಲಿನ ಬಾಯಿಯೂ ಯಾರ ಕಡೆಗೂ ತಿರುಗಬಾರದು. ಆ ನಿಯಮವನ್ನು ಅವರು ಕೇಳದಿದ್ದರೂ ಶುದ್ಧ ಇಂಗ್ಲಿಷಿನಲ್ಲಿ ಬೆರಳಚ್ಚಿಸಿ ಗೋಡೆಗೆ ಅಂಟಿಸಿದವನು ನಾನೇ.

ಹರಾಜಿಗೆ ಮುಂಚಿನ ಪ್ರದರ್ಶನದ ದಿನ ಕೋಣೆ ತುಂಬಿತ್ತು. ಗಾಜಿನ ಕಪಾಟಿಗೆ ಬೀಗ ಹಾಕಲೆಂದು ಪಿಸ್ತೂಲಿದ್ದ ತಟ್ಟೆಯನ್ನು ಕ್ಷಣಕಾಲ ನೆಲದ ಮೇಲಿಟ್ಟೆ. ತಿರುಗುವಾಗ ನನ್ನ ಬೂಟು ಅದಕ್ಕೆ ತಾಗಿತು.

ಅನಂತರ ನಡೆದುದರಲ್ಲಿ ನನ್ನ ಪದವಿಗಳ ಪಾತ್ರವೇನೂ ಇಲ್ಲ. ಪಿಸ್ತೂಲನ್ನು ಎರಡೂ ಕೈಗಳಿಂದ ಎತ್ತಿ, ಕಣ್ಣು ಮುಚ್ಚಿ, ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ ಭಕ್ತಿಯಿಂದ ಒತ್ತಿಕೊಂಡೆ.

ಯಾರೋ ಕುರ್ಚಿಯ ಹಿಂದೆ ಸರಿದರು. ಅಷ್ಟರಲ್ಲಿ ಕನ್ನಡ ಕೇಳಿಸಿತು.

"ಏ ತಮ್ಮಾ, ಮದ್ಲ ಇಳಸ್ ಅದನ್ನ. ನೀ ಜೀವಾ ಕಳ್ಕೊಳ್ಳಾಕತ್ತೀ ಅಂತ ತಿಳ್ಕೊಂಡಾರ ಇವರೆಲ್ಲಾ."

ಹಳೆಯ ಗಡಿಯಾರಗಳಿಗಾಗಿ ಆಗಾಗ ಬರುತ್ತಿದ್ದ ಧಾರವಾಡದ ವೈದ್ಯರು. ಅವರ ಬೆನ್ನಿಗೇ ಮುಖ್ಯಸ್ಥೆ ಬಂದು, ಪಿಸ್ತೂಲನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಏನು ಮಾಡ್ತಿದ್ರಿ?"

"ಕ್ರಮಸಂಖ್ಯೆ ಪರಿಶೀಲಿಸ್ತಿದ್ದೆ, ಮೇಡಮ್."

"ಕಣ್ಣು ಮುಚ್ಕೊಂಡು?"

ವೈದ್ಯರು ನನ್ನ ಕಡೆ ಬಾಗಿದರು. "ಖರೇ ಹೇಳಿಬಿಡೋ. ಕೆಲಸ ಹೋದ್ರ ಹೋಗ್ಲಿ. ಹುಚ್ಚ ಅನ್ನಿಸ್ಕೊಂಡು ಹೋಗಬ್ಯಾಡ."

ಹೇಳಿದೆ. ಕಾಲು ತಾಗಿತು, ಅದಕ್ಕೆ ಕ್ಷಮೆ ಕೇಳಿದೆ ಎಂದೆ.

"ಪಿಸ್ತೂಲಿನ ಹತ್ತಿರ?"

"ಅನ್ನ ಕೊಡುವ ಯಾವುದರ ಹತ್ತಿರವಾದರೂ, ಮೇಡಮ್. ನಮ್ಮಪ್ಪ ಗಿರಣಿಯಲ್ಲಿ ಫಿಟ್ಟರ್. ಸ್ಪ್ಯಾನರಿನ ಹತ್ತಿರವೂ ಕೇಳ್ತಾರೆ."

ಅವರು ಪಿಸ್ತೂಲನ್ನು ತಟ್ಟೆಯಲ್ಲಿಟ್ಟು, ಅದರ ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿದರು. "ನಮ್ಮ ತಾತ ಈ ಊರಲ್ಲೇ ನಲವತ್ತು ವರ್ಷ ಬಂದೂಕು ಮಾಡಿದ್ರು. ಯಾವುದರ ಹತ್ತಿರವೂ ಕ್ಷಮೆ ಕೇಳಿದ್ದು ಕಾಣೆ. ಅಜ್ಜಿ ಹತ್ತಿರ ಕೂಡ."

ಆ ಮಾತು ನನ್ನ ಪರವೋ ವಿರುದ್ಧವೋ ಎಂಬುದು ತಿಳಿಯದೆ ಶನಿವಾರ, ಭಾನುವಾರ ಎರಡನ್ನೂ ಕಳೆದೆ. ಊರಿಗೆ ಬರೆಯಬೇಕಾದ ಪತ್ರದ ಮೂರು ಕರಡು ಸಿದ್ಧಪಡಿಸಿ, ಮೂರರಲ್ಲೂ ವ್ಯಾಕರಣ ತಿದ್ದಿದೆ.

ಸೋಮವಾರ ಮೇಜಿನ ಮೇಲೆ ಲಕೋಟೆಯಿತ್ತು. ನನ್ನನ್ನು ಕಾಯಂಗೊಳಿಸಲಾಗಿತ್ತು. ಕೆಳಗೆ ಅವರದೇ ಕೈಬರಹದಲ್ಲಿ, ಇನ್ನು ಮುಂದೆ ನಾನು ಪಿಂಗಾಣಿ ವಿಭಾಗದಲ್ಲಿ ಕೆಲಸ ಮಾಡತಕ್ಕದ್ದು ಎಂದಿತ್ತು. ಅಲ್ಲಿ ಹದಿನಾಲ್ಕು ವರ್ಷ ಇದ್ದೆ. ಕಾಲು ತಾಗಿದ್ದು ಎರಡೇ ಬಾರಿ; ಎರಡೂ ಬಾರಿ ಕಣ್ಣಿಗೊತ್ತಿಕೊಳ್ಳಲು ಏನೂ ಉಳಿದಿರಲಿಲ್ಲ.