ಕಂಬದ ತಾತ ಆರಿಸಿದ ಕೊಡೆ

ಅವರ ಎರಡೂ ಮುಂಗೈಗಳ ಒಳಮಗ್ಗುಲಲ್ಲಿ ಒಂದು ಕೂದಲೂ ಇರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸವೆದು ನುಣ್ಣಗಾಗಿ, ಬಿಸಿಲಿಗೆ ಹಿಡಿದರೆ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಕರೆಂಟು ಕಂಬಗಳನ್ನು ತಬ್ಬಿ ಹತ್ತಿ, ತಬ್ಬಿಕೊಂಡೇ ಇಳಿದ ಕೈಗಳು ಅವು. ಬೇಗೂರಿನ ಹೊಲಗಳ ಲೈನಿನಿಂದ ಹಿಡಿದು ಪುಣಜನೂರಿನ ಕಾಡಂಚಿನವರೆಗೆ ಅವರು ಹತ್ತದ ಕಂಬ ಕಡಿಮೆ.

ಗುಂಡ್ಲುಪೇಟೆಯಲ್ಲಿ ನಾವು ಮನೆ ಕೊಂಡಾಗ ಅವರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಪಕ್ಕದ ಮನೆಯೇ ಅವರದು. ಬೀದಿಯವರಿಗೆ ಲೈನ್‌ಮನ್, ನನಗೆ ಲೈನ್‌ಮನ್ ಅಣ್ಣ. ನನ್ನ ಮಗಳು ಮಾತು ಕಲಿತ ಮೇಲೆ ತಾನೇ ಒಂದು ಹೆಸರು ಕಟ್ಟಿದಳು: ಕಂಬದ ತಾತ. ಆ ಹೆಸರು ಅವರಿಗೆ ಎಷ್ಟು ಹಿಡಿಸಿತೆಂದರೆ ಫೋನ್ ಎತ್ತಿಕೊಂಡು, “ಯಾರು? ಆ, ಕಂಬದ ತಾತನೇ ಮಾತಾಡ್ತಿರೋದು” ಎನ್ನುತ್ತಿದ್ದರು.

ನಿವೃತ್ತರಾದರೂ ಖಾಕಿ ಪ್ಯಾಂಟು ಬಿಡಲಿಲ್ಲ. ಬೀದಿಯಲ್ಲಿ ನಡೆಯುವಾಗ ಯಾವುದೇ ಕಂಬ ಎದುರಾದರೂ ಒಂದು ಕ್ಷಣ ನಿಂತು, ಬೆರಳ ಗೆಣ್ಣಿನಿಂದ ತಟ್ಟಿ, ಆಮೇಲೆ ಕಾಲಿನಿಂದ ಅದರ ಬುಡದ ಮಣ್ಣು ಸರಿಸಿ ನೋಡುವರು. ಮದುವೆ ಮನೆಯ ಚಪ್ಪರದ ಗಳುವಿಗೂ ಇದೇ ಮರ್ಯಾದೆ. ಯಾರು ಏನೇ ಹೊಸದು ತಂದರೂ ಅವರು ಕೇಳುತ್ತಿದ್ದುದು ಒಂದೇ ಮಾತು: “ಬುಡ ನೋಡಿದ್ರಾ?” ಎದುರು ಮನೆಯವರು ಮಗಳಿಗೆ ಬಂದ ಸಂಬಂಧದ ವಿಷಯ ಹೇಳಿದಾಗಲೂ ಹಾಗೆಯೇ ಕೇಳಿಬಿಟ್ಟರು. ಬೀದಿಯವರೆಲ್ಲ ಅದನ್ನು ಹೇಳಿಕೊಂಡು ನಕ್ಕರು.

ನಾನು ಮನೆಯಲ್ಲೇ ಬ್ಲೌಸು, ಲಂಗ ಹೊಲಿಯುವವಳು. ನನ್ನವರಿಗೆ ಹಾಲಿನ ಡೈರಿಯಲ್ಲಿ ಕೆಲಸ. ಮಗಳಿಗೆ ಹುಟ್ಟಿನಿಂದಲೂ ಒಂದು ತೊಂದರೆ. ನೇರ ಬಿಸಿಲು ಸ್ವಲ್ಪ ಹೊತ್ತು ತಾಕಿದರೆ ಸಾಕು, ಮೈ ಕೆಂಪಾಗಿ ಬೊಬ್ಬೆ ಏಳುತ್ತದೆ. ಮೈಸೂರಿನ ಡಾಕ್ಟರು ಮುಲಾಮು ಬರೆದುಕೊಟ್ಟು, ತುಂಬು ತೋಳಿನ ಬಟ್ಟೆ ಹಾಕಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಬಿಡಬೇಡಿ, ನೆರಳಿದ್ದರೆ ಹೊರಗೆ ಆಡಲಿ ಎಂದಿದ್ದರು. ನಮ್ಮ ಹಿತ್ತಿಲಲ್ಲಿ ಕಲ್ಲುಚಪ್ಪಡಿ ಹಾಸಿದ ಒಳ್ಳೆಯ ಅಂಗಳವೇನೋ ಇತ್ತು, ನೆರಳೊಂದಿರಲಿಲ್ಲ. ಶೀಟು ಹಾಕಿಸೋಣವೆಂದರೆ ಅಡುಗೆಮನೆಗೂ ನಡುಮನೆಗೂ ಬೆಳಕು ಬರುವುದು ಆ ಕಡೆಯಿಂದಲೇ. ಹಾಗಾಗಿ ದೊಡ್ಡದೊಂದು ಕೊಡೆ ತರಿಸಿದೆ, ನಡುವೆ ಕೋಲಿರುವಂಥದ್ದು. ಬೀದಿಯ ಹುಡುಗಿಯರು ಬಂದರು, ಕುಂಟೆಬಿಲ್ಲೆಯ ಮನೆ ಬರೆದರು, ಮೂರನೆಯ ಮನೆಯಲ್ಲಿ ಕೋಲು ಅಡ್ಡ. ಎರಡು ಹಣೆ ಊದಿಕೊಂಡವು. ಅದನ್ನು ಯಾರಿಗೋ ಕೊಟ್ಟು, ಕಂಬ ಒಂದು ಪಕ್ಕದಲ್ಲಿ ನಿಂತು, ಮೇಲಿನಿಂದ ತೋಳು ಚಾಚಿ ಕೊಡೆಯನ್ನು ತೂಗುಹಾಕಿಕೊಳ್ಳುತ್ತದಲ್ಲ, ಅಂಥದ್ದನ್ನು ಫೋನಿನಲ್ಲೇ ಚಿತ್ರ ನೋಡಿ ತರಿಸಿದೆ. ಬುಡಕ್ಕೆ ನೀರು ತುಂಬುವ ಪ್ಲಾಸ್ಟಿಕ್ ಡಬ್ಬಗಳಿದ್ದವು. ಮಗಳು ಎರಡು ವಾರ ಸ್ವರ್ಗದಲ್ಲಿದ್ದಳು.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಮಳೆಗೆ ಮುಂಚಿನ ಗಾಳಿ ಎದ್ದಿತು. ಹುಡುಗಿಯರು ಕಲ್ಲಂಗಡಿ ತಿನ್ನಲು ಆಗತಾನೆ ಒಳಗೆ ಬಂದಿದ್ದರು. ಹೊರಗೆ ಏನೋ ಕಿತ್ತ ಸದ್ದು. ನೋಡಿದರೆ ಕೊಡೆ ಡಬ್ಬಗಳನ್ನೂ ಅಂಗಳದುದ್ದಕ್ಕೂ ಎಳೆದುಕೊಂಡು ಹೋಗಿ, ಡಬ್ಬ ಬಿಟ್ಟು ಮೇಲೆದ್ದು, ಕಾಂಪೌಂಡು ದಾಟಿತು. ಲೈನ್‌ಮನ್ ಅಣ್ಣನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಅವರ ಹಿತ್ತಾಳೆಯ ಕೊಳಗ ನೆಗ್ಗಿತು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಮುರಿದ ಕೊಡೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಗೇಟಿನಿಂದ ಬಂದರು.

“ಮಗ ಎಲ್ಲವ್ಳೆ?” ಎಂದರು.

ಒಳಗಿದ್ದಾಳೆ ಎಂದೆ. ಅವರು ಕೊಡೆ ಕೆಳಗಿಟ್ಟು, ಒಂದು ಚೊಂಬು ನೀರು ಕೇಳಿ ಕುಡಿದು, ಆಮೇಲೆ ಮುರಿದ ಜಾಗವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದನ್ನು ಆರಿಸಿದ್ದು ಯಾರು ಎಂದು ಕೇಳಿದರು. ನಾನೇ, ಫೋನಿನಲ್ಲಿ ಎಂದೆ. ಕೈಯಲ್ಲಿ ಮುಟ್ಟಿ ನೋಡಲಿಲ್ಲವಾ ಎಂದರು. ನಾನು ತಲೆ ತಗ್ಗಿಸಿದೆ. ಅವರು ಕೊಡೆಯನ್ನು ಗೋಡೆಗೊರಗಿಸಿ ಹೋದರು.

ಸಂಜೆ ಬಂದ ನನ್ನವರು ಡಬ್ಬಗಳು ಚಪ್ಪಡಿಯ ಮೇಲೆ ಗೀರಿದ ಗುರುತು ನೋಡಿ ಬೆವೆತುಹೋದರು. ಇನ್ನು ಈ ಮನೆಗೆ ಕೊಡೆಯ ಸುದ್ದಿ ಬೇಡ ಎಂದು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದರು. ಅವರದು ತಪ್ಪಲ್ಲ. ಮಗಳು ಅಳಲಿಲ್ಲ. ಮಾರನೆಯ ದಿನ ನಡುಮನೆಯಲ್ಲೇ ಕುಂಟೆಬಿಲ್ಲೆಯ ಮನೆ ಬರೆದಳು. ಜಾಗ ಸಾಲದೆ ಐದಕ್ಕೇ ನಿಲ್ಲಿಸಿ, ಒಬ್ಬಳೇ ಕುಂಟುತ್ತ ಹೋಗಿ ಬೀರುವಿಗೆ ಕೈಕೊಟ್ಟು ತಿರುಗುತ್ತಿದ್ದಳು. ನುಗ್ಗೆಕಾಯಿ ಕೊಡಲು ಬಂದ ಲೈನ್‌ಮನ್ ಅಣ್ಣ ಬಾಗಿಲಲ್ಲೇ ನಿಂತು ಅದನ್ನು ಬಹಳ ಹೊತ್ತು ನೋಡಿದರು. ಅಂದು ಸಂಜೆ ನನ್ನವರು ಬರುವುದನ್ನೇ ಕಾದಿದ್ದು ಬಂದರು.

“ಒಂದು ತಿಂಗ್ಳು ಟೈಮ್ ಕೊಡಪ್ಪ. ಸರಿಯಾದ್ದು ಸಿಕ್ಲಿಲ್ಲ ಅಂದ್ರೆ, ಬ್ಯಾಡ ಬುಡು ಅಂತ ನಾನೇ ಏಳ್ತೀನಿ.”

ನನ್ನವರು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅದೇ ಒಪ್ಪಿಗೆಯೆಂದು ಲೈನ್‌ಮನ್ ಅಣ್ಣ ಎದ್ದರು.

ಅವರು ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಮೊದಲು ಕರೆದುಕೊಂಡು ಹೋದದ್ದು ಬಂಡೀಪುರದ ದಾರಿಯ ಒಂದು ರೆಸಾರ್ಟಿಗೆ. ಅಲ್ಲಿಗೆ ಹಿಂದೆ ಕರೆಂಟು ಎಳೆದವರು ಇವರೇ ಆದ್ದರಿಂದ ತೋಟದ ಮಾಲಿಯ ಪರಿಚಯವಿತ್ತು. ಹುಲ್ಲುಹಾಸಿನ ಮೇಲೆ ಅರಳಿ ನಿಂತ ಕೊಡೆಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಮುರಿದವು ಎಲ್ಲಿ ಹಾಕಿದ್ದೀರಿ ಎಂದು ಕೇಳಿದರು. ಮಾಲಿ ಅಡುಗೆಮನೆಯ ಹಿಂದಕ್ಕೆ ಕರೆದೊಯ್ದ. ಏಳೆಂಟು ಕೊಡೆಗಳು ಗೋಡೆಗೊರಗಿದ್ದವು. ಲೈನ್‌ಮನ್ ಅಣ್ಣ ಒಂದೊಂದನ್ನೂ ಮಲಗಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ಹೆಚ್ಚಿನವು ಮುರಿದಿದ್ದುದು ಕಂಬಕ್ಕೆ ತೋಳು ಸೇರುವ ಕೀಲಿನಲ್ಲಿ. ಕೆಲವುಗಳ ಹಿಡಿಕೆಯ ಒಳಗಿನ ಹಲ್ಲುಚಕ್ರ ಪ್ಲಾಸ್ಟಿಕ್ಕಿನದು, ಸವೆದು ಹಲ್ಲೇ ಇಲ್ಲ. ಮರದ ಕಡ್ಡಿಗಳು ಸೀಳಿದ್ದವು. ಕಬ್ಬಿಣದ ಒಂದು ಕಂಬ ಹೊರಗೆ ಹೊಸದರಂತಿದ್ದು, ಒಳಗೆ ಬೆರಳಿಟ್ಟರೆ ತುಕ್ಕು ಉದುರಿತು. ಹಾಗಾದರೆ ಹೊರಗೆ ನಿಂತಿರುವವು ಏಕೆ ಉಳಿದವು ಎಂದು ಮಾಲಿಯನ್ನು ಕೇಳಿದರು. ನೆತ್ತಿಯ ಮೇಲೆ ಗಾಳಿ ಹೋಗಲು ಕಂಡಿ ಇರುವವು ಉಳಿದಿವೆ, ಜೊತೆಗೆ ತಾನು ಗಾಳಿ ಬಂದಾಗಲೆಲ್ಲ ಓಡಿಹೋಗಿ ಮುಚ್ಚಿದವು ಉಳಿದಿವೆ ಎಂದ ಆತ. ಲೈನ್‌ಮನ್ ಅಣ್ಣ ನನ್ನ ಕಡೆ ತಿರುಗಿದರು.

“ಕೇಳುಸ್ಕೊಂಡ್ಯಾ? ಯಾವ್ ಕೊಡೆನೂ ಗಾಳಿ ತಡೆಯಕಿಲ್ಲ ಕಣವ್ವ. ಮುಚ್ಚೋರು ಬೇಕು.”

ಮುಂದಿನ ವಾರ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ಮುಂದೆ ತಂದು ನಿಲ್ಲಿಸಿದ. ಇವರು ಬಟ್ಟೆ ದೊಡ್ಡದಾದಷ್ಟೂ ಗಾಳಿ ಹಿಡಿಯುವುದು ಹೆಚ್ಚು ಎಂದು, ನೆತ್ತಿಯಲ್ಲಿ ಕಂಡಿಯಿರುವ ಹತ್ತಡಿಯದನ್ನು ಕೇಳಿದರು. ಕಂಬ ದಪ್ಪ ಅಲ್ಯೂಮಿನಿಯಂನದು, ಕಡ್ಡಿಗಳು ಫೈಬರಿನವು. ಒಂದು ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟರು, ಅದು ಸರಿಯಾಗಿ ಹಿಂದಿನಂತೆ ನಿಂತಿತು. ಕೀಲಿನ ಜಾಗಕ್ಕೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡು, ಅಂಗಡಿಯವನಿಗೆ ತೋಳು ಅಲ್ಲಾಡಿಸಲು ಹೇಳಿದರು. ಒಂದನ್ನು ಹಾಗೆಯೇ ಬೇಡವೆಂದು ವಾಪಸು ಕಳಿಸಿದರು, ಎರಡನೆಯದಕ್ಕೆ ತಲೆಯಾಡಿಸಿದರು. ಆಮೇಲೆ ಹಿಂದೆ ಸರಿದು ನಿಂತರು. ಬಟ್ಟೆ ತನಗೆ ತಿಳಿಯದು, ಅದು ನಿನ್ನ ಕಸುಬು, ನೀನು ನೋಡು ಎಂದರು.

ಆ ತಿಂಗಳಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಕೊಡೆ ಹಾರಿದ ದಿನದಿಂದ ನನ್ನ ಆಯ್ಕೆಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅಂಚಿನ ಮಡಿಕೆ ಬಿಡಿಸಿ ಒಂದು ದಾರ ಎಳೆದು ಬಿಚ್ಚಿದೆ. ಮೇಲೆ ಹಸಿರು, ಒಳಗೆ ಬಿಳಿ. ಬಣ್ಣ ಮೇಲೆ ಹೊಡೆದದ್ದು, ಒಂದೇ ಬೇಸಿಗೆಗೆ ಬಿಳಿಚಿಕೊಳ್ಳುತ್ತದೆ ಎಂದೆ. ಅಂಗಡಿಯವನು ಒಳಗಿನಿಂದ ಬೇರೆ ತಂದ. ಅದರ ದಾರ ಒಳಗೂ ಹೊರಗೂ ಒಂದೇ ಬಣ್ಣ, ಕಡ್ಡಿಯ ತುದಿ ಸೇರುವ ಮೂಲೆಗಳಲ್ಲಿ ಎರಡು ಪದರ ಹೊಲಿಗೆ. ಇದಾಗಬಹುದು ಎಂದೆ. ಲೈನ್‌ಮನ್ ಅಣ್ಣ ಅಂಗಡಿಯವನಿಗೆ ಹೇಳಿದರು, “ಟೈಲರಮ್ಮ ಏಳಿದ್ಮೇಲೆ ಮುಗೀತು.” ತಾವೊಮ್ಮೆ ಮುಟ್ಟಿಯೂ ನೋಡಲಿಲ್ಲ.

ಕೊನೆಗೆ ಹಿಡಿಕೆ ತಿರುಗಿಸಿ ತೋರಿಸಲು ಅಂಗಡಿಯವನು ಮುಂದೆ ಬಂದಾಗ ಅವನನ್ನು ತಡೆದು, ದಿನವೂ ಮುಚ್ಚಿ ತೆರೆಯುವವಳು ಇವಳು, ಇವಳೇ ತಿರುಗಿಸಲಿ ಎಂದರು. ನಾನು ಹತ್ತು ಸಲ ತೆರೆದೆ, ಹತ್ತು ಸಲ ಮುಚ್ಚಿದೆ. ಮುರಿದರೆ ಹಿಡಿಕೆ ಬೇರೆ ಸಿಗುತ್ತದೆಯೇ, ಬಟ್ಟೆಯೊಂದನ್ನೇ ತರಿಸಬಹುದೇ ಎಂದು ಅಂಗಡಿಯವನಿಂದ ಕಂಪನಿಗೆ ಫೋನ್ ಮಾಡಿಸಿ, ಎರಡೂ ಸಿಗುತ್ತವೆಂದು ಕೇಳಿದ ಮೇಲೆಯೇ ಲೈನ್‌ಮನ್ ಅಣ್ಣ ಒಪ್ಪಿದರು.

ಕೊಡೆ ಗೂಡ್ಸ್ ಆಟೋದಲ್ಲಿ ಬಂತು, ನಾವು ಬಸ್ಸಿನಲ್ಲಿ ಹಿಂತಿರುಗಿದೆವು. ಆ ದಾರಿಯಲ್ಲಿ, ನಾನು ಕೇಳದೆಯೇ, ಅವರು ಒಂದು ವಿಷಯ ಹೇಳಿದರು. ಪುಣಜನೂರಿನಲ್ಲಿದ್ದಾಗ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸರೀಕ ಲೈನ್‌ಮನ್ ಒಬ್ಬನಿದ್ದ. ಮಳೆ ನಿಂತ ಮಾರನೆಯ ದಿನ ಒಂದು ಹಳೆಯ ಕಬ್ಬಿಣದ ಕಂಬ ಹತ್ತಬೇಕಿತ್ತು. ಬಣ್ಣ ಹೊಡೆದು ಕಂಬ ಚೆನ್ನಾಗಿಯೇ ಕಾಣುತ್ತಿತ್ತು. ಆತ ಬುಡ ಕೆದಕಿ ನೋಡಲು ಬಗ್ಗಿದಾಗ, ಹೊತ್ತಾಯಿತು, ಹತ್ತು ಎಂದವರು ಇವರೇ. ಮಣ್ಣಿನ ಮಟ್ಟದಲ್ಲಿ ತುಕ್ಕು ತಿಂದಿದ್ದ ಕಂಬ ಅವನ ಸಮೇತ ಉರುಳಿತು. ಜೀವ ಉಳಿಯಿತು, ಸೊಂಟ ನೆಟ್ಟಗಾಗಲಿಲ್ಲ. ಆತ ಕೆಲಸ ಬಿಟ್ಟು ತನ್ನೂರು ಉಡಿಗಾಲದಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದ. ಇವರು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದರು.

“ಅವ್ನು ಒಂದಿನಾನೂ ನನ್ನ ಬೈಲಿಲ್ಲ ಕಣವ್ವ,” ಎಂದರು. “ಬೈದ್ಬುಟ್ಟಿದ್ರೆ ಚೆನ್ನಾಗಿತ್ತು.”

ಬೀದಿಯವರೆಲ್ಲ ನಕ್ಕು ಬಿಡುತ್ತಿದ್ದ “ಬುಡ ನೋಡಿದ್ರಾ?” ಎಂಬ ಅವರ ಮಾತಿಗೆ ನಾನು ಆಮೇಲೆ ಎಂದೂ ನಗಲಿಲ್ಲ.

ಕೊಡೆ ಬಂದರೂ ನಿಲ್ಲಿಸಲು ಬಿಡಲಿಲ್ಲ. ಮೊದಲು ಒಂದು ಮೊರವನ್ನು ಉದ್ದನೆಯ ಗಳುವಿನ ತುದಿಗೆ ಕಟ್ಟಿ, ಅಂಗಳದಲ್ಲಿ ಅಲ್ಲಿ ಇಲ್ಲಿ ನಿಲ್ಲಿಸಿ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎರಡು ದಿನ ಅದೇ ಕೆಲಸ. ಮಗಳು ಕಿಟಕಿಯಲ್ಲಿ ಕೂತು ಗಂಟೆ ಹೇಳುತ್ತಿದ್ದಳು. ಆಮೇಲೆ ಎರಡು ಚಪ್ಪಡಿ ಎಬ್ಬಿಸಿ ತಾವೇ ಗುಂಡಿ ತೋಡಿದರು, ಅವರ ತೊಡೆ ಮುಳುಗುವಷ್ಟು ಆಳ. ಜಲ್ಲಿ, ಸಿಮೆಂಟು, ಕಬ್ಬಿಣದ ಸರಳು ಹಾಕಿ, ಮೇಲೆ ಬೋಲ್ಟು ಮಾತ್ರ ಕಾಣುವಂತೆ ಮುಚ್ಚಿದರು. ನನ್ನವರು ರಜೆ ಹಾಕಿ ಜಲ್ಲಿ ಹೊತ್ತುಕೊಟ್ಟರು. ಹತ್ತು ದಿನ ನೀರುಣಿಸುವ ಕೆಲಸ ಮಗಳದು. ಬಿಸಿಲೇರುವ ಮುಂಚೆ ಮತ್ತು ಸಂಜೆ ಪುಟ್ಟ ಚೊಂಬಿನಲ್ಲಿ ಹೊತ್ತು ಹೊತ್ತು ಸುರಿದಳು.

ಕೊಡೆ ನಿಂತ ದಿನ ಬೀದಿಯ ಹುಡುಗಿಯರೆಲ್ಲ ಬಂದರು. ನೆರಳಿನೊಳಗೆ ಕುಂಟೆಬಿಲ್ಲೆಯ ಎಂಟು ಮನೆಯೂ ಹಿಡಿಸಿತು. ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮಗಳು ಹೊರಗೆ ನಿಂತು ಬಿಲ್ಲೆ ಎಸೆದಳು. ನನ್ನವರು ಬಾಗಿಲಿಗೊರಗಿ ನೋಡುತ್ತಿದ್ದರು. ಲೈನ್‌ಮನ್ ಅಣ್ಣ ಮಾತ್ರ ಆಟ ನೋಡಲಿಲ್ಲ, ಬುಡದ ಬೋಲ್ಟುಗಳನ್ನೇ ಇನ್ನೊಮ್ಮೆ ತಿರುಗಿಸುತ್ತಿದ್ದರು. ಆಟ ಮುಗಿದ ಮೇಲೆ ಮಗಳನ್ನು ಹತ್ತಿರ ಕರೆದು ರಸ್ತೆಯಾಚೆಯ ಹೊಂಗೆಮರ ತೋರಿಸಿದರು.

“ನೋಡಮ್ಮಿ, ಆ ಎಲೆ ಮಗುಚಿ ಅಡಿಭಾಗ ಕಾಣುಸ್ತು ಅಂದ್ರೆ ಆಟ ನಿಲ್ಸಿ ಮುಚ್ಬುಡು. ಯಾರ್ನೂ ಕೇಳ್ಬ್ಯಾಡ. ಇದು ನಿಂದೇ ಡ್ಯೂಟಿ ಕಣಮ್ಮಿ.”

ಹದಿನೈದು ದಿನವೂ ಆಗಿರಲಿಲ್ಲ, ಒಂದು ಭಾನುವಾರ ನಾವು ಊಟಕ್ಕೆ ಕೂತಿದ್ದಾಗ ಮಗಳು ತುತ್ತು ಬಿಟ್ಟು ಎದ್ದುಹೋದಳು. ಹಿಡಿಕೆ ತಿರುಗಿಸಿ, ಕೊಡೆ ಮುಚ್ಚಿ, ಪಟ್ಟಿ ಬಿಗಿದು ಬಂದು ಕೂತಳು. ಐದು ನಿಮಿಷಕ್ಕೆ ಗಾಳಿ ಬಂತು. ಎಂಗೆ ಗೊತ್ತಾಯ್ತು ಎಂದು ನನ್ನವರು ಕೇಳಿದರು. ಎಲೆ ಎಂದಳು ಅವಳು, ಅನ್ನ ಕಲಸುತ್ತ. ಹಿತ್ತಿಲ ಬಾಗಿಲ ಚಿಲಕದ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಐದು ವರ್ಷವಾಯಿತು. ಬಟ್ಟೆಯನ್ನು ಒಂದು ಸಲ ಬದಲಿಸಿದ್ದೇನೆ, ಹಿಡಿಕೆಯನ್ನು ಒಂದು ಸಲ. ಕಂಬ ಹಾಗೆಯೇ ಇದೆ. ಲೈನ್‌ಮನ್ ಅಣ್ಣ ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಯಾರಿಗೂ ತೊಂದರೆ ಕೊಡದೆ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅವರ ಮನೆಯಂಗಳ ಚಿಕ್ಕದು. ಬಂದವರೆಲ್ಲ ನಮ್ಮ ಹಿತ್ತಿಲಲ್ಲಿ ಕೂತರು. ಯಾರೂ ಹೇಳದೆ ನನ್ನವರೇ ಹೋಗಿ ಕೊಡೆ ಬಿಚ್ಚಿ, ಹಿರಿಯರನ್ನು ನೆರಳಿಗೆ ಕರೆದು ಕೂರಿಸಿ, ನೀರು ಕೊಟ್ಟರು.

ಈಗ ಅವರ ಮನೆಯಾಕೆ ಬೆಳಿಗ್ಗೆಯ ಹೊತ್ತು ಅವರೆಕಾಯಿಯೋ ಸೊಪ್ಪೋ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ. ನಾನು ಹೊಲಿಗೆ ಯಂತ್ರವನ್ನೂ ಅಲ್ಲಿಗೇ ಎಳೆದುಕೊಂಡಿದ್ದೇನೆ. ಮೊನ್ನೆ ಹೀಗೆ ಮಾತಾಡುತ್ತ ಕೂತಾಗ ಆಕೆ, “ಊರಿಗೆಲ್ಲ ಲೈಟು ಕೊಟ್ರು ಕಣವ್ವ. ನಮ್ಮನೆ ಬಲ್ಬು ನಾನೇ ಸ್ಟೂಲ್ ಹತ್ತಿ ಆಕ್ತಿದ್ದೆ,” ಎಂದರು. ಇಬ್ಬರೂ ನಕ್ಕೆವು. ನಗುತ್ತಲೇ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಗಳಿಗೆ ಈಗ ಹನ್ನೆರಡು. ಬಿಸಿಲಿನ ತೊಂದರೆ ಹೋಗಿಲ್ಲ, ಹೋಗುತ್ತದೆಂದು ಡಾಕ್ಟರೂ ಹೇಳಿಲ್ಲ. ತಲೆ ಬಾಚುವಾಗ ಲಂಗ ಮೇಲೆ ಸರಿದರೆ ಅವಳ ಮಂಡಿಗಳಲ್ಲಿ ಎರಡು ಕಲೆ ಕಾಣುತ್ತವೆ. ಬಿಸಿಲಿನ ಕಲೆಗಳಲ್ಲ, ಓಡಿ ಆಡಿ ಚಪ್ಪಡಿಯ ಮೇಲೆ ಬಿದ್ದು ಆದವು. ಬೇರೆ ತಾಯಂದಿರು ಇಂಥ ಕಲೆಗೆ ಮಕ್ಕಳನ್ನು ಗದರುತ್ತಾರೆ. ನನಗೆ ಗದರಲು ಬಾಯಿ ಬರುವುದಿಲ್ಲ. ನನ್ನ ಮಗಳಿಗೂ ಇಂಥ ಗಾಯವಾಗುವಷ್ಟು ಆಟ ಸಿಕ್ಕಿತಲ್ಲ ಎಂದು ಆ ಮನುಷ್ಯನನ್ನು ನೆನೆದು, ಬಾಚಣಿಗೆ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ.