ನೀರು ಸೋಸುವ ಅರಿವೆ

ನಿನ್ನೆ ಹೊಸ ಧೋತರವನ್ನು ಮೊದಲ ಸಲ ನೀರಿಗೆ ಹಾಕಿದೆ. ಗಂಜಿ ಬಿಟ್ಟ ನೂಲಿನ ಹಸಿ ವಾಸನೆ ಎದ್ದಿತು. ನಿಮಗದು ಬರೀ ಬಟ್ಟೆಯ ವಾಸನೆ. ನನಗೆ ಕಮತಗಿ ಕಡೆಯ ನಮ್ಮ ಮನೆಯ ಕೊಡದ ಬಾಯಿಯ ವಾಸನೆ.

ನಾವು ನೇಕಾರರು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವರಲ್ಲಿ ನಾನೇ ಮೊದಲಿಗ. ಬಿಂಕ ಎಷ್ಟಿತ್ತೆಂದರೆ, ಚಪ್ಪಲಿ ಮೆಟ್ಟಿಕೊಂಡೇ ಮಗ್ಗದ ಖೋಲಿ ಹೊಕ್ಕೆ. ಮಗ್ಗ ನಿಂತಿತ್ತು. ಅಪ್ಪನ ಕಾಲಿಗೆ ನಾರುಹುಣ್ಣಾಗಿತ್ತು.

ನೋಡದವರಿಗೆ ಹೇಳಬೇಕು: ದಾರದಂಥ ಬಿಳಿ ಹುಳು ಹುಣ್ಣಿನಿಂದ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಹರಿದರೆ ಕಾಲೆಲ್ಲ ಬಾವು. ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿ ಹಲಗೆ ತುಳಿಯದೆ ಸೀರೆ ನೇಯಲಾಗದು. ಮುಂದಿನ ಬೇಸಿಗೆಗೂ ಹೀಗಾದರೆ ಮಗ್ಗ ಬಿಚ್ಚುವುದೇ ಎಂದು ಅಪ್ಪ ಗೋಡೆ ನೋಡಿಕೊಂಡು ಹೇಳಿದ.

ಹುಣ್ಣಿನ ಕಾಲು ಮೆಟ್ಟಿಲ ಬಾವಿಗೆ ಇಳಿದರೆ ಹುಳುವಿನ ಮರಿಗಳು ನೀರು ಸೇರುತ್ತವೆ, ಆ ನೀರು ಕುಡಿದವನ ಕಾಲಲ್ಲಿ ವರ್ಷದ ಮೇಲೆ ಏಳುತ್ತವೆ ಎಂದು ಓದಿದ್ದೆ. ಅಪ್ಪನನ್ನು ಬಾವಿಗೆ ಇಳಿಯಗೊಡಲಿಲ್ಲ. ಎರಡು ಮಡಿಕೆ ಅರಿವೆಯಲ್ಲಿ ನಾನೇ ನೀರು ಸೋಸತೊಡಗಿದೆ. ಪಕ್ಕದ ಮನೆಯ ಕಾಕಾ ಕಟ್ಟೆಯ ಮೇಲಿಂದ ಕೇಳಿದ:

"ನೀರು ಸೋಸೋದು ಕಲಿಯಾಕ ಹದಿನೈದು ವರ್ಸ ಸಾಲಿಗಿ ಹೋಗ್ಬೇಕಾತೇನಪಾ?"

"ಹೌದ್ರಿ ಕಾಕಾ, ನಾ ಭಾಳ ದಡ್ಡ" ಎಂದು ಸೋಸುತ್ತಲೇ ಇದ್ದೆ.

ಎಂಟು ದಿನ ಸುಮ್ಮನೆ ನೋಡಿದ ಅವ್ವ ಒಂದು ಮುಂಜಾನೆ ಕೈ ಹಿಡಿದಳು. "ಮೊದಲನೇ ಕೊಡಕ್ಕ ಈ ಮಗ್ಗಲ ಮ್ಯಾಲಿತ್ತು. ಈಗ ಕೆಳಗ ಮಾಡೀದಿ. ಅದರಾಗ ನಿಂತ ಹುಳ ಎಲ್ಲಿ ಹೋದೂವು?"

ಕೊಡದೊಳಗೆ ಹೋಗಿದ್ದವು. ಎಂಟು ದಿನ ನಾನೇ ಕಳಿಸಿದ್ದೆ.

ಕೊಡ ಚೆಲ್ಲಿಸಿ, ಅವ್ವ ಸೂಜಿ ಹಿಡಿದು ಕೂತಳು. ಗುರುತಿಗೆ ಕಸೂತಿ ಹಾಕು ಅಂದೆ. ಕಸೂತಿ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಅಷ್ಟೂ ತಿಳಿಯದೇ ಎಂದು ಬೈದು, ಒಂದೇ ಮಗ್ಗುಲಿಗೆ ಕೆಂಪು ಚೂರು ಹೊಲಿದಳು. ಕೆಂಪು ಯಾವಾಗಲೂ ಮೇಲೆ. ನನ್ನ ವಿಜ್ಞಾನ ಕೇಳಲು ಯಾರೂ ಬರಲಿಲ್ಲ. ಕೆಂಪು ಚೂರು ಹೊಲಿಸಿಕೊಳ್ಳಲು ಓಣಿಯ ಹೆಣ್ಣುಮಕ್ಕಳೆಲ್ಲ ಬಂದರು. ಕಾಕಾನ ಹೆಂಡತಿಯೂ.

ಮರುವರ್ಷ ಅಪ್ಪನ ಕಾಲಲ್ಲಿ ಮತ್ತೊಂದು ಎದ್ದಿತು. ಇದು ಸೋಸುವ ಮೊದಲು ಕುಡಿದ ನೀರಿನದು ಎಂದರೆ ನಂಬುವವರಾರು? ನನ್ನ ತಪ್ಪಿನ ಎಂಟು ದಿನಗಳದೂ ಇದ್ದೀತು; ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಮಗ್ಗ ಬಿಚ್ಚಲು ಸುತ್ತಿಗೆ ತಂದ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೊಂದ ವರ್ಸ ಸೋಸ್ತೇನಿ. ಆಮ್ಯಾಲ ಬಿಚ್ರಿ."

ಸೋಸಿದಳು. ಜ್ವರ ಬಂದ ದಿನವೂ ಬೇರೆಯವರ ಕೈಗೆ ಅರಿವೆ ಕೊಡಲಿಲ್ಲ, ನನ್ನ ಕೈಗಂತೂ ಇಲ್ಲವೇ ಇಲ್ಲ. ಅದರಾಚೆಯ ಬೇಸಿಗೆ ಪೂರ್ತಿ ನಮ್ಮ ಮಗ್ಗ ಸದ್ದು ಮಾಡಿತು.

ಎಲ್ಲಿ ಓದಿದಿರಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಕಾಲೇಜಿನ ಹೆಸರು ಹೇಳುತ್ತೇನೆ, ಎದೆಯುಬ್ಬಿಸಿಯೇ. ಇನ್ನು ಮೇಲೆ ಮಾತು ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ಎಂಟು ದಿನಗಳನ್ನೂ ಹೇಳುತ್ತೇನೆ, ಆ ಮುಂಜಾನೆ ನನ್ನ ಕೈ ಹಿಡಿದು ತಡೆದವಳು ಯಾರೆಂಬುದನ್ನೂ.